ಹಳೇ ಬ್ಯಾಕಪ್ ಹಾಕಬೇಡ ತಮ್ಮಾ

ತಮ್ಮಾ, ತಡಿ. ಗೋಕುಲ ರೋಡಿನ ಫ್ಯಾಕ್ಟರಿಯ ಮೈಕ್ರೋಟಿಕ್ ರೂಟರ್‌ನಲ್ಲಿ ಗೊತ್ತಿಲ್ಲದ ಶೆಡ್ಯೂಲರ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ) ಸಿಕ್ಕಿತು, ಅಪ್‌ಗ್ರೇಡ್ ಮಾಡಿದೆ, ರೀಸೆಟ್ ಹೊಡೆದು ಹೋದ ತಿಂಗಳ ಬ್ಯಾಕಪ್ ಹಾಕಿದೆ, ಈಗ ಎಲ್ಲ ಓಕೆ ಅಂತ ಬರೆದಿದ್ದೀಯಲ್ಲ, ಓದಿ ಎದೆ ಝಲ್ ಅಂತು. ಟಾಕಿ ತೊಳೆದು, ಪಕ್ಕದಲ್ಲಿ ತೆಗೆದಿಟ್ಟ ಹುಳದ ನೀರನ್ನೇ ಮತ್ತೆ ತುಂಬಿದ್ದೀಯ.

ನಾನೂ ಮಾಡಿದ್ದೆ. 2019ರ ಜನವರಿ, ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜ್. ಮೆಣಸಿನಕಾಯಿ ಸೀಸನ್, ಹೊರಗೆ ಲಾರಿ ಸಾಲು. ರ‍್ಯಾಕ್ ಬಾಗಿಲು ತೆಗೆದರೆ ಖಾರದ ಧೂಳು, ಸೀನು ನಿಲ್ಲುತ್ತಿರಲಿಲ್ಲ. ರೂಟರಿನ ಸಿಪಿಯು ನೂರಕ್ಕೆ ನೂರು, ಯಾರೋ ಹ್ಯಾಕರ್ ಒಳಗೆ ಕೂತಿದ್ದ. ರೂಟರ್ ಸೆಟ್ಟಿಂಗ್ ಮಾಡುವ ವಿನ್‌ಬಾಕ್ಸ್ ಸಾಫ್ಟ್‌ವೇರ್‌ನ 8291 ಪೋರ್ಟು ಜಗತ್ತಿಗೆಲ್ಲ ತೆರೆದಿತ್ತು. ತೆರೆದಿಟ್ಟವನು ನಾನೇ, ಮನೆಯಿಂದ ನೋಡೋಕೆ ಅನುಕೂಲ ಅಂತ. ವಿನ್‌ಬಾಕ್ಸ್‌ನಲ್ಲಿ ಒಂದು ಭದ್ರತಾ ತೂತಿತ್ತು, ಅದನ್ನು ಮುಚ್ಚುವ 6.42.1 ವರ್ಷನ್ ಬಂದದ್ದು 2018ರ ಏಪ್ರಿಲ್‌ನಲ್ಲಿ. ನಾನು ಹಾಕಿರಲಿಲ್ಲ. ಲಾಗಿನ್ನೇ ಇಲ್ಲದೆ ಯೂಸರ್ ಫೈಲನ್ನು ಪಾಸ್‌ವರ್ಡ್ ಸಮೇತ ಎತ್ತಿಕೊಂಡು ಹೋಗುವಂಥ ತೂತು ಅದು.

ಅಪ್‌ಗ್ರೇಡ್ ಮಾಡಿದೆ. ಎರಡು ದಿನ ತಣ್ಣಗಿತ್ತು, ಮತ್ತೆ ಶುರು. ಸಿಟ್ಟು ಬಂದು ನೆಟ್‌ಇನ್‌ಸ್ಟಾಲ್ ಮಾಡಿದೆ, ಅಂದರೆ ರೂಟರ್ ಅಳಿಸಿ ಓಎಸ್ ಹೊಸದಾಗಿ ಹಾಕಿದೆ. ಅಷ್ಟರಲ್ಲಿ ಸಂಜೆ ಐದು. ಬಿಲ್ಲಿಂಗ್ ಹುಡುಗರು "ನೆಟ್ ಬಂತೇನ್ರೀ" ಅಂತ ತಲೆ ತಿನ್ನುತ್ತಿದ್ದರು. ಅವಸರಕ್ಕೆ ಡಿಸೆಂಬರ್‌ನ ಡಾಟ್ ಬ್ಯಾಕಪ್ ಫೈಲ್ ಎಳೆದು ರಿಸ್ಟೋರ್ ಒತ್ತಿದೆ. ಆ ಹ್ಯಾಕರ್ ಒಳಗೆ ಬಂದದ್ದು ಡಿಸೆಂಬರ್‌ಗಿಂತ ಎಷ್ಟೋ ಮುಂಚೆ! ಅವನ ಸ್ಕ್ರಿಪ್ಟ್, ಅವನ ಯೂಸರ್, ನನ್ನ ಹಳೇ ಪಾಸ್‌ವರ್ಡ್, ಎಲ್ಲ ವಾಪಸ್ ಬಂದು ಕೂತವು.

ಆಮೇಲೆ ಕಲಿತದ್ದು ಎಕ್ಸ್‌ಪೋರ್ಟ್. ರೂಟರಿನ ಸೆಟ್ಟಿಂಗೆಲ್ಲ ಇರುವ ಟೆಕ್ಸ್ಟ್ ಫೈಲು, ಬ್ಯಾಕಪ್ ಫೈಲಿನ ಹಾಗಲ್ಲ, ಓದೋಕೆ ಬರುತ್ತದೆ. ಅವತ್ತು ರಾತ್ರಿ ಪ್ರಿಂಟ್ ತೆಗೆದೆ, ಹನ್ನೊಂದು ಪುಟ. ಕೆಂಪು ಪೆನ್ನು ಹಿಡಿದು ಒಂದೊಂದೇ ಸಾಲು ಓದಿದೆ. ನಗಬೇಡಿ, ಈಗಲೂ ಹಾಗೇ ಮಾಡುತ್ತೇನೆ. ಕಂಪ್ಯೂಟರ್‌ಗಳಿಗೆ ಕೊಟ್ಟ ಐಪಿಗಳ ಪಟ್ಟಿ (ಡಿಎಚ್‌ಸಿಪಿ ಲೀಸ್) ಎಲ್ಲ ಮುಗಿದ ಮೇಲೆ ಪುಟದ ಬುಡದಲ್ಲಿ ಒಂದೇ ಸಾಲು: ಸಾಕ್ಸ್, ಎನೇಬಲ್ಡ್ ಯೆಸ್. ಸಾಕ್ಸ್ ಅಂದರೆ ಬೇರೆಯವರ ಟ್ರಾಫಿಕ್ ನಮ್ಮ ರೂಟರ್ ಮೂಲಕ ಹಾಯಿಸುವ ಪ್ರಾಕ್ಸಿ. ನಾನು ಜನ್ಮದಲ್ಲಿ ಹಾಕಿದವನಲ್ಲ. ನೀನೂ ನೋಡು: ಶೆಡ್ಯೂಲರ್‌ನಲ್ಲಿ ಫೆಚ್ (ಹೊರಗಿನಿಂದ ಫೈಲ್ ಎಳೆಯುವ ಕಮಾಂಡ್) ಇದೆಯಾ, ಎಲ್‌ವಿಪಿಎನ್ ಹೆಸರಿನ ಎಲ್2ಟಿಪಿ ಕ್ಲೈಂಟ್ (ವಿಪಿಎನ್ ಸಂಪರ್ಕ) ಇದೆಯಾ, ಫೈರ್‌ವಾಲ್‌ನಲ್ಲಿ ಯಾರೋ 5678 ಪೋರ್ಟ್ ಬಿಟ್ಟಿದ್ದಾರಾ. 2021ರಲ್ಲಿ ಮೆರಿಸ್ ಬಾಟ್‌ನೆಟ್ (ಹ್ಯಾಕ್ ಆದ ರೂಟರ್‌ಗಳ ದಂಡು ಕಟ್ಟಿ ಮಾಡಿದ ದಾಳಿ) ಗಲಾಟೆ ಆದಾಗ ಮೈಕ್ರೋಟಿಕ್ ಕಂಪನಿಯವರೇ ಇವನ್ನು ಹುಡುಕಿ ಅಂದಿದ್ದರು. ಆ ದಾಳಿಗೆ ಬಳಕೆಯಾದದ್ದು 2018ರಲ್ಲೇ ಒಡೆದ ರೂಟರ್‌ಗಳು ಅಂತಲೂ ಅವರೇ ಹೇಳಿದ್ದು.

ಈಗ ಮೊದಲು ಇಂಟರ್ನೆಟ್ ಬರುವ (ವ್ಯಾನ್) ಕೇಬಲ್ ಕಿತ್ತು ಹಾಕು. ಎಕ್ಸ್‌ಪೋರ್ಟ್ ತೆಗಿ. ನೆಟ್‌ಇನ್‌ಸ್ಟಾಲ್ ಮಾಡುವಾಗ ಹಳೇ ಕಾನ್ಫಿಗ್ ಉಳಿಸು ಅನ್ನೋ ಟಿಕ್ ತೆಗೆದಿರಬೇಕು. ಆಮೇಲೆ ನಿನಗೆ ಅರ್ಥ ಆದ ಸಾಲುಗಳನ್ನು ಮಾತ್ರ ಪೇಸ್ಟ್ ಮಾಡು. 7ನೇ ವರ್ಷನ್ ಆದರೆ ಎಕ್ಸ್‌ಪೋರ್ಟ್ ತೆಗೆಯುವಾಗ ಶೋ-ಸೆನ್ಸಿಟಿವ್ ಕೊಡದೆ ಪಿಪಿಪಿಓಇ (ಇಂಟರ್ನೆಟ್ ಲಾಗಿನ್) ಪಾಸ್‌ವರ್ಡ್ ಬರುವುದಿಲ್ಲ, ಆಮೇಲೆ ಐಎಸ್‌ಪಿಯವರಿಗೆ ಫೋನ್ ಮಾಡುತ್ತಾ ಕೂರಬೇಡ. ಅಡ್ಮಿನ್ ಪಾಸ್‌ವರ್ಡ್ ಹೊಸದು. ಹಳೇದರ ಕೊನೆಗೆ 1 ಸೇರಿಸಿದ್ದು ಹೊಸದಲ್ಲ!

ಮೇಲೆ ಒಬ್ಬರು "ಮೈಕ್ರೋಟಿಕ್ ಬಿಸಾಕಿ, ಸಿಸ್ಕೋ ಇಲ್ಲಾ ಫೋರ್ಟಿನೆಟ್ ತಗೊಳ್ಳಿ" ಅಂದಿದ್ದಾರೆ. ಸರ್, 2023ರ ಅಕ್ಟೋಬರ್‌ನಲ್ಲಿ ಸಿಸ್ಕೋ ರೂಟರ್‌ಗಳ ಓಎಸ್ ಆದ ಐಓಎಸ್ ಎಕ್ಸ್‌ಇಯ ವೆಬ್ ಯುಐ ತೂತಿಗೆ ಅಪಾಯದ ಅಂಕ 10ಕ್ಕೆ 10 ಸಿಕ್ಕಿತ್ತು. ರೀಬೂಟ್ ಮಾಡಿದರೆ ಹ್ಯಾಕರ್‌ಗಳು ಒಳಗಿಟ್ಟ ಮಾಲು ಹೋಗುತ್ತಿತ್ತು, ಅವರು ಮಾಡಿಕೊಂಡ ಅಡ್ಮಿನ್ ಅಕೌಂಟ್ ಉಳಿಯುತ್ತಿತ್ತು. 2021ರಲ್ಲಿ ಫೋರ್ಟಿನೆಟ್‌ನ ಸುಮಾರು 87,000 ಫೋರ್ಟಿಗೇಟ್ ಫೈರ್‌ವಾಲ್‌ಗಳ ವಿಪಿಎನ್ ಪಾಸ್‌ವರ್ಡ್ ಹೊರಗೆ ಬಿದ್ದವು. ಪ್ಯಾಚ್ ಹಾಕಿದ್ದರೂ ಪಾಸ್‌ವರ್ಡ್ ಬದಲಿಸಿ ಅಂತ ಕಂಪನಿಯೇ ಹೇಳಬೇಕಾಯಿತು. ದುಡ್ಡು ಜಾಸ್ತಿ ಕೊಟ್ಟರೂ ಈ ಕೆಲಸ ತಪ್ಪಲ್ಲ.

8291 ಆಚೆಗೆ ಬಿಡಲೇಬೇಡ. ಐಪಿ ಸರ್ವಿಸಸ್‌ನಲ್ಲಿ ಟೆಲ್ನೆಟ್, ಎಫ್‌ಟಿಪಿ, ಎಪಿಐ ಬಂದ್ ಮಾಡು. ಫೈರ್‌ವಾಲ್ ಮುಟ್ಟುವ ಮುಂಚೆ ಸೇಫ್ ಮೋಡ್ ಒತ್ತು (ಸಂಪರ್ಕ ಕಡಿದರೆ ಬದಲಾವಣೆ ತಾನೇ ರದ್ದಾಗುತ್ತದೆ), ಇಲ್ಲಾಂದ್ರೆ ನಿನ್ನನ್ನೇ ಹೊರಗೆ ಹಾಕಿಕೊಂಡು ಬೈಕ್ ಹತ್ತಬೇಕಾಗುತ್ತದೆ. ಓಎಸ್ ಅಪ್‌ಗ್ರೇಡ್ ಆದ ಮೇಲೆ ರೂಟರ್‌ಬೋರ್ಡ್ ಮೆನುವಿನಲ್ಲಿ ಇನ್ನೊಂದು ಅಪ್‌ಗ್ರೇಡ್ ಬಟನ್ ಇದೆ, ಅದನ್ನೂ ಒತ್ತಿ ರೀಬೂಟ್ ಮಾಡು. ಆಗ ಯುಪಿಎಸ್ ಇರಲಿ, ಮಳೆ ಬರೋ ಹಾಗಿದ್ದರೆ ನಾಳೆ ಮಾಡು.

ಗೊತ್ತಾಗದ ಸಾಲಿದ್ದರೆ ಆ ಸಾಲು ಮಾತ್ರ ಇಲ್ಲಿ ಹಾಕು. ಪೂರ್ತಿ ಎಕ್ಸ್‌ಪೋರ್ಟ್ ಹಾಕಬೇಡ ಮಾರಾಯ, ಅದರಲ್ಲಿ ಪಾಸ್‌ವರ್ಡ್ ಇರುತ್ತವೆ.