ಮೊದಲು ಉರಿ ನೋಡಿ, ಆಮೇಲೆ ನಂಬರ್ ತಿರುಗಿಸಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಚಳಿ ನಾಡಿನ ಮನೆ

ಪ್ರಶ್ನೆ: ನಮಸ್ಕಾರ ಅಕ್ಕ. ಕಳೆದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯೂಹ್ಯಾಂಪ್‌ಶೈರ್‌ನ ನಾಶುವಾ ಹತ್ತಿರ ಒಂದು ಹಳೇ ಮನೆ ತಗೊಂಡೆವು. ಒಂದೇ ಅಂತಸ್ತು, 1,500 ಚದರಡಿ. ಹಿಂದಿನವರು ಹಾಲ್‌ನಲ್ಲಿ ಪೆಲೆಟ್ ಸ್ಟವ್ (ಮರದ ಹೊಟ್ಟಿನ ಗುಳಿಗೆ ಉರಿಸಿ ಮನೆ ಬಿಸಿ ಮಾಡುವ ಒಲೆ) ಬಿಟ್ಟುಹೋಗಿದ್ದಾರೆ. ಜನವರಿಯಿಂದ ಹೀಟ್ 5ರಲ್ಲೇ ಇಟ್ಟಿದ್ದೇವೆ, ಅದೇ ಕೊನೆಯ ನಂಬರ್. ದಿನಕ್ಕೆ ಎರಡು ಮೂಟೆ ಪೆಲೆಟ್ ಹೋಗುತ್ತಿದೆ. ಆದರೂ ಹಾಲ್‌ನಲ್ಲಿ 74 ಡಿಗ್ರಿ ಫ್ಯಾರನ್‌ಹೀಟ್, ಮಗಳು ಮಲಗುವ ಕೊನೇ ರೂಮಿನಲ್ಲಿ 58. ಬೆಳಿಗ್ಗೆ ಒರೆಸಿದ ಸ್ಟವ್ ಬಾಗಿಲ ಗಾಜು ಸಂಜೆಗೆ ಕಪ್ಪಗಾಗಿರುತ್ತೆ. ಫೀಡ್, ಅಂದರೆ ಪೆಲೆಟ್ ಬೀಳುವುದನ್ನು, ಇನ್ನೂ ಜಾಸ್ತಿ ಮಾಡಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ದೊಡ್ಡ ಸ್ಟವ್ ತಗೋಬೇಕಾ?
— ಒಬ್ಬ ಓದುಗ, ನ್ಯೂಹ್ಯಾಂಪ್‌ಶೈರ್

ಉತ್ತರ: ದೊಡ್ಡ ಸ್ಟವ್ ಬೇಡ. ಫೀಡ್ ಜಾಸ್ತಿ ಮಾಡುವುದಂತೂ ಬೇಡವೇ ಬೇಡ. ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡದ್ದು ಕಪ್ಪು ಗಾಜು. ಅಲ್ಲಿಂದಲೇ ಶುರು ಮಾಡೋಣ.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮ ಹೊಟ್ಟಿನ ಒಲೆ ಇಟ್ಟುಕೊಂಡಿದ್ದರು. ಸಾಮಿಲ್ಲಿನಿಂದ ಗೋಣಿಚೀಲದಲ್ಲಿ ಮರದ ಹೊಟ್ಟು ಬರುತ್ತಿತ್ತು. ಒಲೆಯ ನಡುವೆ ಒಂದು ಬಾಟಲಿ ನಿಲ್ಲಿಸಿ, ಕೆಳಗಿನ ಬಾಯಿಗೆ ಒಂದು ಕೋಲು ತೂರಿಸಿ, ಸುತ್ತ ಹೊಟ್ಟು ಸುರಿದು ಗಟ್ಟಿಯಾಗಿ ಜಡಿಯುತ್ತಿದ್ದರು. ಆಮೇಲೆ ಬಾಟಲಿಯನ್ನೂ ಕೋಲನ್ನೂ ಮೆಲ್ಲಗೆ ತಿರುಗಿಸುತ್ತಾ ಎಳೆದರೆ ಗಾಳಿಗೆ ದಾರಿ ಆಗುತ್ತಿತ್ತು. ಆ ದಾರಿ ಕುಸಿದರೆ ಮುಗೀತು, ಅಡಿಗೆಮನೆ ತುಂಬ ಹೊಗೆ, ಪಾತ್ರೆ ತಳವೆಲ್ಲ ಮಸಿ. ಒಲೆ ಸರಿಯಾಗಿ ಉರಿಯದಿದ್ದಾಗ ಅಮ್ಮ ಇನ್ನಷ್ಟು ಹೊಟ್ಟು ಸುರಿದದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಬಗ್ಗಿ ಕೆಳಗಿನ ಬಾಯಿ ನೋಡುತ್ತಿದ್ದರು.

ಪೆಲೆಟ್ ಅಂದರೂ ಅದೇ ಮರದ ಹೊಟ್ಟು. ಒಣಗಿಸಿ, ಒತ್ತಿ, ಕಾಲು ಇಂಚು ದಪ್ಪದ ಗುಳಿಗೆ ಮಾಡಿರುತ್ತಾರೆ ಅಷ್ಟೆ. ಪೆಲೆಟ್ ತುಂಬಿಡುವ ಮೇಲಿನ ಪೆಟ್ಟಿಗೆ, ಅಂದರೆ ಹಾಪರ್‌ನಿಂದ, ಆಗರ್ ಅನ್ನುವ ತಿರುಪು ಅದನ್ನು ಸ್ವಲ್ಪ ಸ್ವಲ್ಪವೇ ಬರ್ನ್ ಪಾಟ್ ಅನ್ನುವ, ಉರಿ ಕೂರುವ ತೂತಿನ ಬಟ್ಟಲಿಗೆ ಬೀಳಿಸುತ್ತೆ. ಹೊಗೆಯನ್ನು ಹೊರಗೆ ಎಳೆಯುವ ಫ್ಯಾನ್ ಒಂದಿದೆ. ಅದು ಎಳೆದಾಗ ಪಾಟ್‌ನ ತೂತುಗಳಿಂದ ಹೊಸ ಗಾಳಿ ಒಳಗೆ ನುಗ್ಗುತ್ತೆ. ರೂಮಿಗೆ ಬಿಸಿ ಗಾಳಿ ಊದುವ ಫ್ಯಾನ್ ಬೇರೆ. ಹೊಸಬರು ಈ ಎರಡು ಫ್ಯಾನುಗಳನ್ನು ಒಂದೇ ಅಂದುಕೊಳ್ಳುತ್ತಾರೆ. ನೀವು ಹೀಟ್ 5ಕ್ಕೆ ಇಟ್ಟಾಗ ಪೆಲೆಟ್ ಬೀಳುವುದು ಜಾಸ್ತಿ ಆಯಿತು. ಅದಕ್ಕೆ ಬೇಕಾದಷ್ಟು ಗಾಳಿ ಮಾತ್ರ ಬರುತ್ತಿಲ್ಲ. ಹಾಗಾಗಿ ಪೆಲೆಟ್ ಅರ್ಧಂಬರ್ಧ ಉರಿದು ಮಸಿಯಾಗಿ ಗಾಜಿಗೆ ಅಂಟುತ್ತಿದೆ. ನಿಮ್ಮ ಎರಡು ಮೂಟೆಯಲ್ಲಿ ಒಂದು ಪಾಲು ಮನೆಯನ್ನು ಬೆಚ್ಚಗೆ ಮಾಡದೆ ಕೊಳವೆಯಲ್ಲಿ ಹೋಗುತ್ತಿದೆ.

ಒಂದು ಶನಿವಾರ ಬೆಳಿಗ್ಗೆ ಸ್ಟವ್ ಆರಿಸಿ. ಪೂರ್ತಿ ತಣ್ಣಗಾದ ಮೇಲೆ ಪ್ಲಗ್ ಕಿತ್ತು ಬರ್ನ್ ಪಾಟ್ ಕೈಗೆ ತಗೊಂಡು ಕಿಟಕಿ ಬೆಳಕಿಗೆ ಹಿಡಿಯಿರಿ. ಎಲ್ಲ ತೂತುಗಳಲ್ಲೂ ಬೆಳಕು ಕಾಣಬೇಕು. ನಾನು ಮೊದಲ ಸಲ ಹೀಗೆ ಹಿಡಿದಾಗ ಅರ್ಧಕ್ಕಿಂತ ಜಾಸ್ತಿ ತೂತು ಮುಚ್ಚಿಹೋಗಿದ್ದವು. ತಳದಲ್ಲಿ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಒಂದು ಕಂದು ಬಿಲ್ಲೆ ಕೂತಿತ್ತು. ಬೂದಿಯೊಳಗಿನ ಮಣ್ಣು, ಮರಳಿನ ಅಂಶ ಕಾವಿಗೆ ಕರಗಿ ಹೀಗೆ ಕಲ್ಲಾಗುತ್ತೆ. ಇದಕ್ಕೆ ಕ್ಲಿಂಕರ್ ಅನ್ನುತ್ತಾರೆ. ಅದನ್ನು ಕೆರೆದು ತೆಗೆದು, ಒಂದು ಮೊಳೆಯಿಂದ ತೂತುಗಳನ್ನು ಒಂದೊಂದಾಗಿ ಬಿಡಿಸಿದೆ. ಆ ರಾತ್ರಿ ಹೀಟ್ 3ರಲ್ಲಿ ಸಿಕ್ಕ ಬಿಸಿ ಅದಕ್ಕೂ ಮುಂಚೆ 5ರಲ್ಲೂ ಸಿಕ್ಕಿರಲಿಲ್ಲ.

ಪಾಟ್ ಆದಮೇಲೆ ಒಳಗಿನ ಹಿಂಬದಿ ಹಲಗೆ ತೆಗೆದು ಅದರ ಹಿಂದಿನ ಬೂದಿ ಗೂಡುಗಳನ್ನು ಖಾಲಿ ಮಾಡಿ. ಬಿಸಿ ಹೊಗೆ ಹಾದುಹೋಗುವ ಕೊಳವೆಗಳ ಮೇಲೆ ಬೂದಿ ಪದರ ಕೂತರೆ ಅದು ಕಂಬಳಿ ಹೊದ್ದ ಹಾಗೆ, ಕಾವು ರೂಮಿಗೆ ಬರುವುದಿಲ್ಲ. ಹೊರಗಿನ ಹೊಗೆ ಕೊಳವೆಯನ್ನೂ ಬ್ರಶ್ ಹಾಕಿ ಉಜ್ಜಿಸಿ. ಹಿಂದಿನವರು ಯಾವಾಗ ಮಾಡಿಸಿದ್ದರೋ ಏನೋ. ಬೂದಿಗೆ ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಹಾಕಬೇಡಿ. ಬೂದಿಯಲ್ಲಿ ಅಡಗಿದ ಒಂದು ಕೆಂಡ ಸಾಕು, ಒಳಗಿನ ಚೀಲಕ್ಕೆ ಬೆಂಕಿ ಹತ್ತುತ್ತೆ. ಬೂದಿಗೆ ಅಂತಲೇ ಬೇರೆ ವ್ಯಾಕ್ಯೂಮ್ ಸಿಗುತ್ತೆ.

ಆಮೇಲೆ ಸ್ಟವ್ ಬಾಗಿಲು. ಒಂದು ಡಾಲರ್ ನೋಟನ್ನು ಬಾಗಿಲ ಸಂದಿಗೆ ಇಟ್ಟು ಮುಚ್ಚಿ, ಎಳೆದು ನೋಡಿ. ಸುತ್ತಲೂ ಐದಾರು ಕಡೆ ಹೀಗೆ ಮಾಡಿ. ಎಲ್ಲಾದರೂ ನೋಟು ಸಲೀಸಾಗಿ ಜಾರಿ ಬಂದರೆ ಬಾಗಿಲ ಅಂಚಿನ ಗ್ಯಾಸ್ಕೆಟ್ ಹಗ್ಗ ಸವೆದಿದೆ ಅಂತ ಅರ್ಥ. ಗಾಳಿ ಪಾಟ್‌ನ ತೂತಿನಲ್ಲಿ ಬರುವ ಬದಲು ಅಲ್ಲಿಂದ ಕಳ್ಳದಾರಿಯಲ್ಲಿ ನುಗ್ಗುತ್ತಿರುತ್ತೆ. ಬದಲಾಯಿಸುವುದು ಕಷ್ಟದ ಕೆಲಸ ಅಲ್ಲ.

ಇಷ್ಟಾದ ಮೇಲೆ ಸೆಟ್ಟಿಂಗ್. ಹೀಟ್ 3ರಲ್ಲಿ ಹಚ್ಚಿ. ಫೀಡ್ ಟ್ರಿಮ್ (ಬೀಳುವ ಪೆಲೆಟ್ಟನ್ನು ಸ್ವಲ್ಪ ಹೆಚ್ಚು ಕಮ್ಮಿ ಮಾಡುವ ಸೆಟ್ಟಿಂಗ್) ಅನ್ನು ಕಂಪನಿ ಇಟ್ಟಿದ್ದ ನಡುವಿನ ನಂಬರಿಗೇ ವಾಪಸ್ ತನ್ನಿ. ಅರ್ಧ ಗಂಟೆ ಏನೂ ಮುಟ್ಟದೆ ಸ್ಟವ್ ಎದುರು ಕೂತು ಉರಿ ನೋಡಿ. ಉರಿ ಎತ್ತರಕ್ಕೆ ಎದ್ದು, ಕೇಸರಿ ಬಣ್ಣದಲ್ಲಿ, ಸೋಮಾರಿ ಹಾಗೆ ತೂಗಾಡುತ್ತಾ, ತುದಿಯಲ್ಲಿ ಕಪ್ಪು ಹೊಗೆ ಬಿಡುತ್ತಿದ್ದರೆ ಗಾಳಿ ಸಾಲದು. ಗಾಳಿ ಒಳಬಿಡುವ ಬಾಗಿಲಾದ ಡ್ಯಾಂಪರ್ ಅಥವಾ ಗಾಳಿಯ ಟ್ರಿಮ್ ಒಂದೇ ಒಂದು ಮೆಟ್ಟಿಲು ತೆರೆಯಿರಿ. ಇನ್ನೊಂದು ಕಡೆ, ಉರಿ ಗಿಡ್ಡವಾಗಿ ಬೆಳ್ಳಗೆ ಬುಸುಗುಟ್ಟುತ್ತಾ, ಪಾಟ್‌ನಿಂದ ಪೆಲೆಟ್ಟೇ ಕಿಡಿಯಾಗಿ ಹಾರಿ ಬೂದಿಗೆ ಬೀಳುತ್ತಿದ್ದರೆ ಗಾಳಿ ಜಾಸ್ತಿ ಆಯಿತು, ಒಂದು ಮೆಟ್ಟಿಲು ಮುಚ್ಚಿ. ನಿಮಗೆ ಬೇಕಾದದ್ದು ಹೊಳೆಯುವ ಹಳದಿ ಉರಿ. ಚುರುಕಾಗಿ ಕುಣಿಯಬೇಕು, ತುದಿ ಶುಭ್ರವಾಗಿರಬೇಕು. ಒಂದು ಸಲ ತಿರುಗಿಸಿದರೆ ಇಪ್ಪತ್ತು ನಿಮಿಷ ಕಾಯಿರಿ. ಗಾಳಿ, ಫೀಡ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಮಾರನೇ ದಿನ ಬೂದಿ ನೋಡಿ. ತಿಳಿ ಬೂದು ಬಣ್ಣ, ಮುಟ್ಟಿದರೆ ವಿಭೂತಿ ಹಾಗೆ ನಯ ಇದ್ದರೆ ಸರಿಯಾಗಿದೆ. ಕಪ್ಪಗೆ ಕಾಳು ಕಾಳಾಗಿದ್ದರೆ ಗಾಳಿ ಇನ್ನೂ ಕಮ್ಮಿ. ಗಾಜಿನ ಮೇಲೆ ಒಂದೆರಡು ದಿನಕ್ಕೆ ತೆಳು ಬೂದು ಪುಡಿ ಕೂರುವುದು ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ರೂಮಿಗೆ ಊದುವ ಫ್ಯಾನ್ ಬಗ್ಗೆ ಒಂದು ಮಾತು. ಸದ್ದು ಜಾಸ್ತಿ ಅಂತ ಅದನ್ನು ಕಮ್ಮಿ ಮಾಡಿ, ಉರಿ ಮಾತ್ರ ದೊಡ್ಡದು ಇಡುವವರಿದ್ದಾರೆ. ಆಗ ಕಾವೆಲ್ಲ ಸ್ಟವ್ ಮೈಯಲ್ಲೇ ಉಳಿದು ಹೊಗೆಯ ಜೊತೆ ಹೊರಗೆ ಹೋಗುತ್ತೆ, ಸ್ಟವ್ ಮಿತಿಮೀರಿ ಕಾದು ತಾನೇ ಆರಿಹೋಗಲೂಬಹುದು. ದೊಡ್ಡ ಉರಿ ಇದ್ದಾಗ ಫ್ಯಾನ್ ಕೂಡ ಜೋರಾಗಿಯೇ ಇರಲಿ.

ಇನ್ನು ಮಗಳ ರೂಮು. ಇದು ಸ್ಟವ್‌ನ ತಪ್ಪಲ್ಲ, ಗಾಳಿ ತಿರುಗಾಡದ ತೊಂದರೆ. ಬಿಸಿ ಗಾಳಿ ಹಾಲ್‌ನ ಸೂರಿನಲ್ಲೇ ಕೂತಿದೆ. ನಾವು ಮೊದಲು ಹಾಲ್‌ನಲ್ಲಿ ಫ್ಯಾನ್ ಇಟ್ಟು ಬಿಸಿ ಗಾಳಿಯನ್ನು ರೂಮಿನ ಕಡೆಗೆ ತಳ್ಳಿದೆವು. ಎರಡು ವಾರ ಮಾಡಿದರೂ ಏನೂ ಬದಲಾಗಲಿಲ್ಲ. ಆಮೇಲೆ ಅದೇ ಫ್ಯಾನನ್ನು ತಣ್ಣಗಿನ ರೂಮಿನ ಬಾಗಿಲಲ್ಲಿ ನೆಲದ ಮೇಲಿಟ್ಟು, ಮುಖವನ್ನು ಸ್ಟವ್ ಕಡೆ ತಿರುಗಿಸಿದೆವು. ತಣ್ಣನೆ ಗಾಳಿ ಭಾರ, ನೆಲದಲ್ಲೇ ಹರಿಯುತ್ತೆ. ಅದನ್ನು ಆಚೆ ತಳ್ಳಿದರೆ, ಖಾಲಿಯಾದ ಜಾಗಕ್ಕೆ ಬಾಗಿಲ ಮೇಲ್ಭಾಗದಿಂದ ಬಿಸಿ ಗಾಳಿ ತಾನಾಗಿ ಬರುತ್ತೆ. ಒಂದು ತೆಳು ಟಿಶ್ಯೂ ಚೂರನ್ನು ಬಾಗಿಲ ಮೇಲ್ಗಡೆ ಹಿಡಿದು ನೋಡಿ, ಅದು ರೂಮಿನ ಒಳಕ್ಕೆ ವಾಲುತ್ತೆ. ಫ್ಯಾನ್ ಕಮ್ಮಿ ಸ್ಪೀಡಿನಲ್ಲಿರಲಿ, ಬಾಗಿಲು ರಾತ್ರಿಯೂ ತೆರೆದಿರಲಿ. ನಮ್ಮ ಮನೆಯಲ್ಲಿ ಆ ರೂಮು 59ರಿಂದ 65ಕ್ಕೆ ಬಂತು, ಒಂದು ಪೆಲೆಟ್ ಕೂಡ ಜಾಸ್ತಿ ಸುಡದೆ.

ಬಿಸಿ ಎಷ್ಟಿರಬೇಕು ಅಂತ ನಿಗದಿ ಮಾಡುವ ಥರ್ಮೋಸ್ಟಾಟ್ ಅನ್ನು ರಾತ್ರಿ ತುಂಬ ಇಳಿಸಬೇಡಿ. ನೀರು ಕಾಯಿಸಿ ಪೈಪಿನಲ್ಲಿ ಹರಿಸಿ ಮನೆ ಬಿಸಿ ಮಾಡುವ ಬಾಯ್ಲರ್ ಇದ್ದವರು ಹತ್ತು ಡಿಗ್ರಿ ಇಳಿಸಿ ಬೆಳಿಗ್ಗೆ ಏರಿಸುತ್ತಾರೆ, ಅದಕ್ಕೆ ಅಷ್ಟು ಶಕ್ತಿ ಇದೆ. ಪೆಲೆಟ್ ಸ್ಟವ್ ನಿಧಾನದ್ದು. ಮೂರು ಡಿಗ್ರಿಗಿಂತ ಜಾಸ್ತಿ ಇಳಿಸಿದರೆ ಬೆಳಗ್ಗೆಯೆಲ್ಲ ಅದನ್ನು ಮೇಲೆ ತರುವುದರಲ್ಲೇ ಹೋಗುತ್ತೆ. ಥರ್ಮೋಸ್ಟಾಟ್‌ನಲ್ಲಿ ಎರಡು ಬಗೆ ಇದ್ದರೆ, ಅಕ್ಟೋಬರ್, ಏಪ್ರಿಲ್‌ನಲ್ಲಿ ಪೂರ್ತಿ ಆರಿ ಮತ್ತೆ ಹತ್ತುವ ಬಗೆ ಸಾಕು. ಕಡು ಚಳಿಯಲ್ಲಿ ಆರದೆ ಸಣ್ಣ ಉರಿ, ದೊಡ್ಡ ಉರಿ ಅಂತ ಓಡುವ ಬಗೆ ಒಳ್ಳೇದು. ಕರೆಂಟಿನಿಂದ ಕಾದು ಪೆಲೆಟ್ ಹತ್ತಿಸುವ ಕಡ್ಡಿಗೂ ಆಯುಷ್ಯ ಇದೆ, ಅಲ್ವಾ.

ಕೊನೆಗೆ ಒಂದು ಎಚ್ಚರಿಕೆ. ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ನಿಮ್ಮ ಮನೆಯಲ್ಲಿ ಬಾಯ್ಲರ್ ಕೂಡ ಇದ್ದರೆ, ಸ್ಟವ್ ಚೆನ್ನಾಗಿ ಕೆಲಸ ಮಾಡಲು ಶುರುವಾದ ಮೇಲೆ ಅದು ಓಡುವುದೇ ಇಲ್ಲ. ಆಗ ಹೊರಗೋಡೆಯ ಬುಡದಲ್ಲಿ ಓಡುವ ಬೇಸ್‌ಬೋರ್ಡ್ ಪೈಪಿನ ನೀರು ನಿಂತಲ್ಲೇ ನಿಂತು ಹೆಪ್ಪುಗಟ್ಟಬಹುದು. ನಮಗೆ 2015ರ ಫೆಬ್ರವರಿಯಲ್ಲಿ ಹಾಗಾಗಿ ಪೈಪ್ ಒಡೆದು ನೆಲದ ಹಲಗೆಯೆಲ್ಲ ಕಿತ್ತು ಹಾಕಬೇಕಾಯಿತು. ಹೊರಗೆ ಕೊರೆಯುವ ರಾತ್ರಿಗಳಲ್ಲಿ ನಾಲ್ಕೈದು ಗಂಟೆಗೊಮ್ಮೆ ಬಾಯ್ಲರ್ ಸ್ವಲ್ಪ ಹೊತ್ತು ಓಡುವ ಹಾಗೆ ಮಾಡಿಕೊಳ್ಳಿ. ಬೇಸ್‌ಮೆಂಟಿನ ನೀರಿನ ಪೈಪಿನ ಮೇಲೂ ಒಂದು ಕಣ್ಣಿರಲಿ.

ಪ್ರಶ್ನೆ: ವರ್ಮಾಂಟ್‌ನಲ್ಲಿದ್ದೇವೆ. ಮೊನ್ನೆ ಹಿಮ ಬಿರುಗಾಳಿಗೆ ಕರೆಂಟ್ ಹೋಯಿತು, ಪೆಲೆಟ್ ಸ್ಟವ್‌ನಿಂದ ಮನೆಯೊಳಗೆ ಹೊಗೆ ಬಂತು. ಶಿವಮೊಗ್ಗದಿಂದ ಬಂದಿರುವ ಅತ್ತೆ ಹೆದರಿ, ಇನ್ನು ಈ ಸ್ಟವ್ ಹಚ್ಚಲೇಬೇಡ ಅನ್ನುತ್ತಿದ್ದಾರೆ.
— ಒಬ್ಬ ಓದುಗಿ

ಉತ್ತರ: ಅತ್ತೆ ಹೆದರಿದ್ದರಲ್ಲಿ ತಪ್ಪಿಲ್ಲ. ಹೊಗೆ ಎಳೆಯುವ ಫ್ಯಾನ್ ಕರೆಂಟಿನಿಂದ ಓಡುವುದು. ಅದು ನಿಂತರೂ ಪಾಟ್‌ನಲ್ಲಿ ಬಿದ್ದಿರುವ ಪೆಲೆಟ್ ಸ್ವಲ್ಪ ಹೊತ್ತು ಹೊಗೆಯಾಡುತ್ತಲೇ ಇರುತ್ತೆ. ಕರೆಂಟ್ ಹೋದಾಗ ಸ್ಟವ್ ಬಾಗಿಲು ಮಾತ್ರ ತೆರೆಯಬೇಡಿ. ಒಂದು ಕಿಟಕಿ ತೆರೆದು ಬೇರೆ ರೂಮಿಗೆ ಹೋಗಿ. ಸ್ಟವ್‌ಗೆ ಒಂದು ಯುಪಿಎಸ್ ಹಾಕಿಸಿ. ಪ್ಯೂರ್ ಸೈನ್ ವೇವ್ ಬಗೆಯದೇ ಕೇಳಿ, ಬೇರೆಯದರಲ್ಲಿ ಫ್ಯಾನ್ ಮೋಟರ್ ಗುಂಯ್‌ಗುಟ್ಟುತ್ತೆ. ಉರಿ ಹತ್ತಿದ ಮೇಲೆ ಸ್ಟವ್ ತಿನ್ನುವ ಕರೆಂಟ್ ಕಮ್ಮಿ. ಹತ್ತಿಸುವಾಗ ಮಾತ್ರ ಜಾಸ್ತಿ. ಹಾಗಾಗಿ ಹೊಗೆಯನ್ನು ಪೂರ್ತಿ ಹೊರಗೆ ಹಾಕಿ ಆರಿಸಲು ಚಿಕ್ಕ ಯುಪಿಎಸ್ ಸಾಕು.

ಹೊಗೆ ಕೊಳವೆ ಗೋಡೆಯಿಂದ ಅಡ್ಡಡ್ಡ ಹೊರಗೆ ಹೋಗಿ ಅಲ್ಲೇ ಮುಗಿದಿದ್ದರೆ, ಅದನ್ನು ಕೆಲವು ಅಡಿ ನೇರ ಮೇಲಕ್ಕೆ ಏರಿಸಬಹುದಾ ಅಂತ ಕೆಲಸ ಬಲ್ಲವರನ್ನು ಕೇಳಿ. ಆಗ ಫ್ಯಾನ್ ಇಲ್ಲದಿದ್ದರೂ ಹೊಗೆ ತಾನೇ ಮೇಲೇಳುತ್ತೆ. ಬಿರುಗಾಳಿ ನಿಂತ ಮೇಲೆ ಕೊಳವೆಯ ಬಾಯಿಗೆ ಹಿಮ ಮುಚ್ಚಿಕೊಂಡಿದೆಯಾ ನೋಡಿ, ಸಲಿಕೆಯಿಂದ ಬಿಡಿಸಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಅತ್ತೆ ಮಲಗುವ ರೂಮಿನ ಹತ್ತಿರ ಒಂದು, ಸ್ಟವ್ ಇರುವ ಅಂತಸ್ತಿನಲ್ಲಿ ಒಂದು ಇರಲೇಬೇಕು. ಆ ವಿಷಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಅಲಾರಂನ ಬಟನ್ ಒತ್ತಿ ಅತ್ತೆಗೆ ಅದರ ಸದ್ದು ಕೇಳಿಸಿ, ಆ ಸದ್ದು ಬಂದರೆ ಎಲ್ಲರೂ ಹೊರಗೆ ಹೋಗಬೇಕು ಅಂತ ಹೇಳಿಕೊಡಿ. ಸೀರೆ ಸೆರಗು, ಶಾಲು ಒಣಗಿಸಲು ಸ್ಟವ್ ಮುಂದೆ ಕುರ್ಚಿ ಎಳೆಯುವುದು ಬೇಡ ಅನ್ನುವುದನ್ನೂ ಸೇರಿಸಿ.

ಪ್ರಶ್ನೆ: ಯಾವ ಪೆಲೆಟ್ ಒಳ್ಳೇದು? ಬೂದಿ ಏನು ಮಾಡುವುದು?
— ಒಬ್ಬ ಓದುಗ, ಮೇಯ್ನ್

ಉತ್ತರ: ಇಲ್ಲಿ ಒಂದು ಟನ್ ಅಂದರೆ 40 ಪೌಂಡಿನ 50 ಮೂಟೆ. ಕಾವಿನ ಲೆಕ್ಕದಲ್ಲಿ ಅದು ಸುಮಾರು 120 ಗ್ಯಾಲನ್ ಹೀಟಿಂಗ್ ಆಯಿಲ್‌ಗೆ ಸಮ. ಹಾಗಾಗಿ ಒಂದೇ ಸಲ ಟನ್‌ಗಟ್ಟಲೆ ತಗೊಳ್ಳುವ ಮುಂಚೆ ಮೂರು ನಾಲ್ಕು ಬಗೆ ತಲಾ ಎರಡು ಮೂಟೆ ತಂದು ಸುಟ್ಟು ನೋಡಿ. ಪೈನ್, ಫರ್ ಥರದ ಮರದ್ದು ಹಗುರ, ಬಿಸಿಗೆ ಬಾರದು ಅನ್ನುವ ಮಾತು ಪೆಲೆಟ್‌ಗೆ ಹೊಂದುವುದಿಲ್ಲ. ಅಂಟು ಜಾಸ್ತಿ ಇರುವುದರಿಂದ ಒಂದೇ ತೂಕಕ್ಕೆ ಅದೇ ಸ್ವಲ್ಪ ಜಾಸ್ತಿ ಬಿಸಿ ಕೊಡುತ್ತೆ. ಮೂಟೆ ಮೇಲೆ ಬೂದಿಯ ಪ್ರಮಾಣ ಬರೆದಿರುತ್ತೆ, 1 ಪರ್ಸೆಂಟ್‌ಗಿಂತ ಕಮ್ಮಿ ಇರುವುದನ್ನು ತಗೊಳ್ಳಿ. ಮೂಟೆ ತಳದಲ್ಲಿ ಪುಡಿ ಜಾಸ್ತಿ ಇದ್ದರೆ ಆ ಬಗೆ ಬೇಡ. ಬ್ರ್ಯಾಂಡ್ ಬದಲಾದಾಗಲೆಲ್ಲ ಮೇಲೆ ಹೇಳಿದ ಹಾಗೆ ಉರಿ ನೋಡಿ ಗಾಳಿ ಸರಿಮಾಡಿಕೊಳ್ಳಿ. ನೀರು ತಾಗದ ಕಡೆ ಇಡಿ. ಒಂದು ಪೆಲೆಟ್ ಲೋಟದ ನೀರಿಗೆ ಹಾಕಿ ನೋಡಿ, ಸ್ವಲ್ಪ ಹೊತ್ತಿನಲ್ಲೇ ಅವಲಕ್ಕಿ ಹಾಗೆ ಉಬ್ಬಿ ಹೊಟ್ಟಾಗುತ್ತೆ. ಅಂಥದ್ದು ಆಗರ್‌ಗೆ ಸಿಕ್ಕಿದರೆ ಕಟ್ಟಿಕೊಂಡು ನಿಲ್ಲುತ್ತೆ.

ಬೂದಿಯನ್ನು ಮುಚ್ಚಳ ಇರುವ ಲೋಹದ ಡಬ್ಬಿಗೇ ಹಾಕಿ. ಡಬ್ಬಿ ಮರದ ಡೆಕ್ ಮೇಲೆ ಇಡಬೇಡಿ, ಕಲ್ಲಿನ ಮೇಲೆ, ಮನೆಯಿಂದ ದೂರ ಇಡಿ. ಆರಿದ ಹಾಗೆ ಕಾಣುವ ಬೂದಿಯೊಳಗೆ ಕೆಂಡ ಎರಡು ಮೂರು ದಿನ ಜೀವ ಹಿಡಿದಿರುತ್ತೆ. ಪೂರ್ತಿ ತಣ್ಣಗಾದದ್ದನ್ನು ನಾನು ಬೆಳ್ಳುಳ್ಳಿ ಪಾತಿಗೆ ತೆಳ್ಳಗೆ ಉದುರಿಸುತ್ತೇನೆ. ಬ್ಲೂಬೆರಿ ಗಿಡಕ್ಕೆ ಮಾತ್ರ ಹಾಕಬೇಡಿ, ಅದಕ್ಕೆ ಹುಳಿ ಮಣ್ಣೇ ಬೇಕು.