ಗ್ಯಾರೇಜ್ ಕಟ್ಟೆ: ಬೆಂಜ್ ಲಾರಿ, ಬೆಂಜ್ ಕಾರು ಮತ್ತು ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಡೀಸೆಲ್ ಎಂಜಿನ್ ಬಗ್ಗೆ ಬರೆಯುವಾಗ ಬೆಂಜ್ ಹೆಸರು ಒಂದು ಸಾಲಿನಲ್ಲಿ ಬಂದು ಹೋಗಿತ್ತು. ಅಷ್ಟಕ್ಕೇ ಪತ್ರಗಳು ಸಾಲುಗಟ್ಟಿವೆ. ಟೈರು, ಬ್ಯಾಟರಿ, ಇನ್ಶೂರೆನ್ಸ್ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟು, ಈ ಸಲ ಬೆಂಜ್ ಒಂದನ್ನೇ ಹಿಡಿದಿದ್ದೇನೆ. ನಾನು ಇತಿಹಾಸದ ಮೇಷ್ಟ್ರಲ್ಲ, ಪಿಂಪ್ರಿಯ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವನು. ಉತ್ತರದಲ್ಲಿ ಸ್ವಲ್ಪ ಗ್ರೀಸ್ ವಾಸನೆ ಬಂದರೆ ಸಹಿಸಿಕೊಳ್ಳಿ.

ಕಾಕಾ, ನಮ್ಮಜ್ಜ ಹುಬ್ಬಳ್ಳಿ–ಪುಣೆ ಲೈನಿನಲ್ಲಿ ಬೆಂಜ್ ಲಾರಿ ಓಡಿಸುತ್ತಿದ್ದರಂತೆ. ಗೆಳೆಯರ ಮುಂದೆ ಹೇಳಿದರೆ ಬಿದ್ದು ಬಿದ್ದು ನಗುತ್ತಾರೆ. ಬೆಂಜ್‌ನವರು ಲಾರಿ ಮಾಡ್ತಿದ್ರಾ?
– ಐಟಿಐ ವಿದ್ಯಾರ್ಥಿ, ಭೋಸರಿ, ಪುಣೆ

ನಗುವವರು ನಗಲಿ ಬಿಡು ತಮ್ಮಾ. ಅಜ್ಜ ಹೇಳಿದ್ದು ನೂರಕ್ಕೆ ನೂರು ನಿಜ.

ಟೆಲ್ಕೊ, ಅಂದರೆ ಮುಂದೆ ಟಾಟಾ ಮೋಟರ್ಸ್ ಆದ ಕಂಪನಿ, 1945ರಲ್ಲಿ ಹುಟ್ಟಿದ್ದು ರೈಲು ಎಂಜಿನ್ ಮಾಡಲಿಕ್ಕೆ. ಲಾರಿ ಮಾಡಬೇಕು ಅಂದಾಗ ಕಲಿಸುವವರು ಬೇಕಾಯಿತು. 1954ರಲ್ಲಿ, ಮರ್ಸಿಡಿಸ್-ಬೆಂಜ್ ಗಾಡಿ ಮಾಡುತ್ತಿದ್ದ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿ ಜೊತೆ 15 ವರ್ಷದ ಒಪ್ಪಂದ ಆಯಿತು. ಜಮ್ಶೆಡ್‌ಪುರದಿಂದ ಟಾಟಾ ಮರ್ಸಿಡಿಸ್-ಬೆಂಜ್ ಲಾರಿಗಳು ಹೊರಬಿದ್ದವು. ಮೂತಿ ಮುಂದೆ ಚಾಚಿದ ಗಾಡಿ. ಜಾಲರಿಯ ಮೇಲೆ ಕಾರಿನಲ್ಲಿರುವ ಅದೇ ಮೂರು ಮೊನೆಯ ಸ್ಟಾರ್. ನಮ್ಮ ಡ್ರೈವರುಗಳು ಅಷ್ಟುದ್ದದ ಹೆಸರು ಯಾಕೆ ಹೇಳ್ತಾರೆ? ‘ಬೆಂಜ್’ ಅಂದರು, ಮುಗೀತು.

ಆ ಹಳೇ ಎಂಜಿನ್ನುಗಳಲ್ಲಿ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಇರುತ್ತಿತ್ತು. ಚಳಿಗಾಲದ ಬೆಳಿಗ್ಗೆ ಗಾಡಿ ಸೀದಾ ಸ್ಟಾರ್ಟ್ ಆಗುವುದಿಲ್ಲ. ಸ್ವಿಚ್ ಎಳೆದು ಹಿಡಿಯಬೇಕು. ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ತೂತಿನೊಳಗೆ ಒಂದು ತಂತಿ ಸುರುಳಿ ನಿಧಾನ ಕೆಂಪಗಾಗುತ್ತದೆ. ಅದು ಕೆಂಪಾದ ಮೇಲೆ ಸೆಲ್ಫ್ ಹೊಡೆಯಬೇಕು. ಅವಸರ ಮಾಡಿದರೆ ಬರೀ ಬಿಳಿ ಹೊಗೆ, ಬ್ಯಾಟರಿ ಡೌನ್. ಹಳೇ ಡ್ರೈವರುಗಳು ಆ ಹೊತ್ತಿನಲ್ಲಿ ಒಂದು ಬೀಡಿ ಹಚ್ಚುತ್ತಿದ್ದರು.

ಮುಂದೆ ಬಂದ 1210 ಹೆಸರನ್ನು ನಿಮ್ಮಪ್ಪನೂ ಕೇಳಿರಬೇಕು. ಮೊದಲ ಎರಡು ಅಂಕಿ ತೂಕ: ಲೋಡ್ ಸಮೇತ 12 ಟನ್. ಕೊನೆಯ ಎರಡನ್ನು ಹತ್ತರಿಂದ ಗುಣಿಸಿದರೆ 100 ಹಾರ್ಸ್‌ಪವರ್. ಹೀಗೆ ಅಂಕಿ ಇಡುವ ರೂಢಿಯೂ ಜರ್ಮನಿಯವರದೇ.

1969ಕ್ಕೆ ಒಪ್ಪಂದ ಮುಗಿಯಿತು. ಸ್ಟಾರ್ ಹೋಗಿ ಟಾಟಾದ ‘ಟಿ’ ಬಂತು. ಡ್ರೈವರುಗಳು ಮಾತ್ರ ಬಹಳ ವರ್ಷ ಅದನ್ನು ಬೆಂಜ್ ಅಂತಲೇ ಕರೆದರು. ಲಾರಿ ವಿದ್ಯೆಯನ್ನು ಬೆಂಜ್‌ನವರ ಹತ್ತಿರ ಕಲಿತ ಅದೇ ಕಂಪನಿ 2008ರಲ್ಲಿ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಕೊಂಡು, ದುಬಾರಿ ಕಾರಿನ ಅಂಗಡಿಯಲ್ಲಿ ಗುರುವಿಗೇ ಎದುರು ನಿಂತಿತು. ನಿನ್ನ ಗೆಳೆಯರಿಗೆ ಇದನ್ನೂ ಹೇಳು.

ಅಂದ ಹಾಗೆ, ಬೆಂಜ್ ಜೊತೆ ಸೇರುವ ಮೊದಲೇ ಡೈಮ್ಲರ್ ಕಂಪನಿ ಲಾರಿ ಮಾಡಿದ್ದು 1896ರಲ್ಲಿ. ‘ಮರ್ಸಿಡಿಸ್’ ಅನ್ನುವ ಕಾರಿಗಿಂತ ಲಾರಿಯೇ ಹಿರಿಯಣ್ಣ.

ಮರ್ಸಿಡಿಸ್ ಅನ್ನುವುದು ಒಬ್ಬ ಹುಡುಗಿಯ ಹೆಸರಂತೆ. ಅವಳು ಬೆಂಜ್ ಅವರ ಮಗಳೇ?
– ಕಾಲೇಜು ವಿದ್ಯಾರ್ಥಿನಿ, ಡೊಂಬಿವಲಿ

ಹುಡುಗಿಯ ಹೆಸರು ಹೌದು. ಬೆಂಜ್ ಮಗಳಲ್ಲ, ಡೈಮ್ಲರ್ ಕಂಪನಿ ಕಟ್ಟಿದ ಡೈಮ್ಲರ್ ಮಗಳೂ ಅಲ್ಲ. ಒಬ್ಬ ಗಿರಾಕಿಯ ಮಗಳು! ಈ ಕಥೆ ನನಗೆ ಬಹಳ ಇಷ್ಟ ತಂಗೀ, ಸ್ವಲ್ಪ ಉದ್ದ ಆದರೂ ಹೇಳುತ್ತೇನೆ.

ಎಮಿಲ್ ಯೆಲಿನೆಕ್ ಅಂತ ಒಬ್ಬ ವ್ಯಾಪಾರಿ. ಫ್ರಾನ್ಸಿನ ನೀಸ್ ಊರಿನಲ್ಲಿ ದುಡ್ಡಿನವರ ನಡುವೆ ಓಡಾಡಿಕೊಂಡಿದ್ದವನು. ಜರ್ಮನಿಯ ಕಾನ್‌ಸ್ಟಾಟ್‌ನ ಡೈಮ್ಲರ್ ಕಾರ್ಖಾನೆಯಿಂದ ಕಾರು ತರಿಸುವುದು, ಶ್ರೀಮಂತರಿಗೆ ಮಾರುವುದು. ರೇಸಿನ ಹುಚ್ಚೂ ಇತ್ತು. ರೇಸಿಗೆ ಸ್ವಂತ ಹೆಸರು ಕೊಡುವ ಬದಲು 1889ರಲ್ಲಿ ಹುಟ್ಟಿದ ಮಗಳ ಹೆಸರನ್ನು ಕೊಟ್ಟ: ಮರ್ಸಿಡಿಸ್.

ಇಂಥ ಗಿರಾಕಿ ನಮ್ಮ ಗ್ಯಾರೇಜಿಗೂ ಬರುತ್ತಿದ್ದರು. ಗಾಡಿ ತಗೊಂಡು ಹೋದವರು ನಾಳೆ ಮತ್ತೆ ಹಾಜರು. ಸಾಲದು, ಸ್ಪೀಡ್ ಸಾಲದು, ಬ್ರೇಕ್ ಸರಿಯಿಲ್ಲ. ಯೆಲಿನೆಕ್ ಇವರೆಲ್ಲರ ಅಪ್ಪ. ಕಾರ್ಖಾನೆಗೆ ಬರೆದು ಬರೆದು ಪ್ರಾಣ ತಿಂದ.

1900ರ ಮಾರ್ಚ್‌ನಲ್ಲಿ ನೀಸ್ ಹತ್ತಿರದ ಘಾಟ್ ರೇಸಿನಲ್ಲಿ ಡೈಮ್ಲರ್ ಕಾರು ಅಪಘಾತವಾಗಿ ವಿಲ್ಹೆಲ್ಮ್ ಬಾವರ್ ಅನ್ನುವ ಚಾಲಕ ಸತ್ತ. ಆ ಕಾರು ಎತ್ತರ ಜಾಸ್ತಿ, ಉದ್ದ ಕಡಿಮೆ, ಮೂತಿಯಲ್ಲಿ ಭಾರದ ಎಂಜಿನ್. ತಿರುವಿನಲ್ಲಿ ಅಂಥ ಗಾಡಿ ಮಾತು ಕೇಳುವುದಿಲ್ಲ. ರೇಸೇ ಬೇಡ ಅನ್ನುವ ಮಾತು ಕಾರ್ಖಾನೆಯಲ್ಲಿ ಶುರುವಾಯಿತು. ಯೆಲಿನೆಕ್ ಅಂದದ್ದು ಬೇರೆ: ಕಾರನ್ನು ತಗ್ಗಿಸಿ, ಅಗಲ ಮಾಡಿ, ಉದ್ದ ಮಾಡಿ. ಬಾಯಿಮಾತಿಗೆ ನಿಲ್ಲಲಿಲ್ಲ. 36 ಕಾರಿಗೆ ಆರ್ಡರ್ ಕೊಟ್ಟ, 5,50,000 ಮಾರ್ಕ್. ಶರತ್ತು ಒಂದೇ, ಮಗಳ ಹೆಸರಿಡಬೇಕು.

ಆ ಕಾರನ್ನು ಮಾಡಿದವನು ಡೈಮ್ಲರ್ ಕಾರ್ಖಾನೆಯ ಎಂಜಿನಿಯರ್ ವಿಲ್ಹೆಲ್ಮ್ ಮೈಬಾಕ್. 35 ಹಾರ್ಸ್‌ಪವರ್. ತಗ್ಗಿನ ಚಾಸಿ, ಅಂದರೆ ಗಾಡಿಯ ಅಡಿ ಚೌಕಟ್ಟು. ನನ್ನಂಥವನ ಕಣ್ಣು ಹೋಗುವುದು ಅದರ ರೇಡಿಯೇಟರ್ ಮೇಲೆ. 8,070 ಸಣ್ಣ ಕೊಳವೆಗಳನ್ನು ಒಂದಕ್ಕೊಂದು ಬೆಸುಗೆ ಹಾಕಿದ್ದರು. ಗಾಳಿ ಕೊಳವೆಯೊಳಗೆ ನುಗ್ಗುತ್ತದೆ, ನೀರು ಸುತ್ತ ಹರಿಯುತ್ತದೆ. ಒಂದು ಲೀಕ್ ಹುಡುಕುವುದಕ್ಕೇ ಅರ್ಧ ದಿನ ಹಾಳು ಮಾಡಿದ ನನಗೆ, ಅಷ್ಟು ಬೆಸುಗೆ ಕೈಯಲ್ಲಿ ಹಾಕಿದವನನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

1901ರ ಮಾರ್ಚ್‌ನಲ್ಲಿ ನೀಸ್ ರೇಸ್ ವಾರದಲ್ಲಿ ಈ ಕಾರು ಎಲ್ಲರನ್ನೂ ಹಿಂದೆ ಹಾಕಿತು. 1902ರಲ್ಲಿ ಕಂಪನಿ ‘ಮರ್ಸಿಡಿಸ್’ ಹೆಸರನ್ನು ಅಧಿಕೃತವಾಗಿ ನೋಂದಾಯಿಸಿತು. ಮರುವರ್ಷ ಯೆಲಿನೆಕ್ ತನ್ನ ಹೆಸರನ್ನೇ ಯೆಲಿನೆಕ್-ಮರ್ಸಿಡಿಸ್ ಅಂತ ಬದಲಾಯಿಸಿಕೊಂಡ. ನಮ್ಮಲ್ಲಿ ಮಗಳ ಹೆಸರಿನ ಮುಂದೆ ಅಪ್ಪನ ಹೆಸರು, ಇಲ್ಲಿ ಉಲ್ಟಾ. ಪಾಪ, ಆ ಹುಡುಗಿ ಬಹಳ ಕಾಲ ಬಾಳಲಿಲ್ಲ. 1929ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡಾಗ 39 ವರ್ಷ.

ಕಂಪನಿ ಇತಿಹಾಸ ಬರೆಯುವವರು ಎಂಜಿನಿಯರುಗಳ ಫೋಟೋ ದೊಡ್ಡದಾಗಿ ಹಾಕುತ್ತಾರೆ. ಕಿರಿಕಿರಿ ಮಾಡಿದ ಗಿರಾಕಿಯದು ಮೂಲೆಯಲ್ಲಿ ಸಣ್ಣದು. ನನ್ನ ಲೆಕ್ಕದಲ್ಲಿ ಅದು ಅನ್ಯಾಯ.

ಹಾಗಾದರೆ ಬೆಂಜ್ ಎಲ್ಲಿಂದ ಬಂದ? ಸ್ಟಾರ್‌ಗೆ ಏನು ಅರ್ಥ?
– ಓದುಗರು, ಥಾಣೆ

ಕಾರ್ಲ್ ಬೆಂಜ್ ಇದ್ದದ್ದು ಮಾನ್‌ಹೈಮ್‌ನಲ್ಲಿ, ಡೈಮ್ಲರ್ ಇದ್ದದ್ದು ಸ್ಟುಟ್‌ಗಾರ್ಟ್ ಪಕ್ಕ. ಎರಡು ಬೇರೆ ಕಂಪನಿ, ಪೈಪೋಟಿ. ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ 1886ರ ಜನವರಿ 29ರಂದು ಪೇಟೆಂಟ್ ಅರ್ಜಿ ಹಾಕಿದ. ಮೊದಲ ಮಹಾಯುದ್ಧದ ನಂತರ ಜರ್ಮನಿಯಲ್ಲಿ ದುಡ್ಡಿಗೆ ಬೆಲೆ ಇಲ್ಲದಂತಾಯಿತು, ಕಾರು ಕೊಳ್ಳುವವರು ಯಾರು? ಬದುಕಬೇಕಾದರೆ ಕೂಡಬೇಕು ಅಂತ 1926ರಲ್ಲಿ ಎರಡೂ ಒಂದಾದವು. ಅಷ್ಟರಲ್ಲಿ ಡೈಮ್ಲರ್ ಸತ್ತು 26 ವರ್ಷ ಆಗಿತ್ತು. ಸ್ಟಾರ್ ಡೈಮ್ಲರ್ ಕಡೆಯದು, 1909ರಲ್ಲಿ ನೋಂದಾಯಿಸಿದ್ದು. ನೆಲ, ನೀರು, ಗಾಳಿ ಮೂರಕ್ಕೂ ಎಂಜಿನ್ ಮಾಡುತ್ತೇವೆ ಅಂತ ಮೂರು ಮೊನೆ.

ಅಣ್ಣಾ, 50 ದಾಟಿದ ಮೇಲೆ ಡ್ರೈವಿಂಗ್ ಕ್ಲಾಸಿಗೆ ಸೇರಿದ್ದೇನೆ. ಮನೆಯವರಿಗೆ ತಮಾಷೆ. ಮೊಟ್ಟಮೊದಲು ಕಾರು ಓಡಿಸಿದ್ದೇ ಹೆಂಗಸು ಅಂತ ಎಲ್ಲೋ ಕೇಳಿದ್ದೆ, ನಿಜವೇ?
– ಗೃಹಿಣಿ, ಮಾಟುಂಗಾ

ಮೊದಲು ಓಡಿಸಿದ್ದು ಅಂತಲ್ಲ ಅಕ್ಕಾ. ಮೊದಲ ದೂರದ ಪ್ರಯಾಣ ಮಾಡಿದ್ದು ಹೆಂಗಸು. ಅವರೇ ಬರ್ತಾ ಬೆಂಜ್, ಕಾರ್ಲ್ ಬೆಂಜ್ ಹೆಂಡತಿ. ಮದುವೆಗೆ ಮೊದಲೇ ತವರಿನಿಂದ ಬರಬೇಕಾದ ವರದಕ್ಷಿಣೆ ಹಣವನ್ನು ಇವನ ವರ್ಕ್‌ಶಾಪಿಗೆ ಹಾಕಿದ್ದರು. ಗಾಡಿಯೇನೋ ಆಯಿತು, ಕೊಳ್ಳುವವರಿಲ್ಲ. ಗಂಡ ಇನ್ನೂ ಸರಿಯಾಗಬೇಕು ಅಂತ ಬಿಚ್ಚುತ್ತ ಜೋಡಿಸುತ್ತ ಕೂತಿದ್ದ.

1888ರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಬರ್ತಾ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಹೊರಟೇಬಿಟ್ಟರು. ಎಲ್ಲಿಗೆ? ತವರುಮನೆಗೆ! ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್, 100 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಪುಣೆಯಿಂದ ಸಾತಾರಾ ಇದ್ದಷ್ಟು ದೂರ ಅಂದುಕೊಳ್ಳಿ. ರಸ್ತೆ ಅಂದರೆ ಕುದುರೆಗಾಡಿಯ ಜಾಡು. ಪೆಟ್ರೋಲ್ ಪಂಪ್ ಅನ್ನುವುದೇ ಹುಟ್ಟಿರಲಿಲ್ಲ. ವೀಸ್‌ಲೋಕ್ ಅನ್ನುವ ಊರಿನಲ್ಲಿ ಔಷಧಿ ಅಂಗಡಿಗೆ ಹೋಗಿ, ಬಟ್ಟೆಯ ಕಲೆ ತೆಗೆಯುವ ಲಿಗ್ರೊಯಿನ್ ಅನ್ನುವ ದ್ರವ ಕೊಂಡು ಟ್ಯಾಂಕಿಗೆ ಸುರಿದರು.

ದಾರಿಯ ರಿಪೇರಿ ನೋಡಿ. ಇಂಧನದ ಪೈಪಿನಲ್ಲಿ ಕಸ ಕೂತಿತು, ಟೋಪಿಯ ಪಿನ್ನಿನಿಂದ ಚುಚ್ಚಿ ತೆಗೆದರು. ತಂತಿಯ ಹೊದಿಕೆ ಸವೆಯಿತು, ಕಾಲುಚೀಲದ ಪಟ್ಟಿಯನ್ನು ಸುತ್ತಿದರು. ಇಳಿಜಾರಿನಲ್ಲಿ ಮರದ ಬ್ರೇಕ್ ಸವೆದಾಗ ಚಪ್ಪಲಿ ಹೊಲಿಯುವವನಿಂದ ಚರ್ಮ ಹೊಡೆಸಿದರು. ಇವತ್ತಿನ ಬ್ರೇಕ್ ಲೈನರ್‌ನ ಅಜ್ಜ ಅದೇ. ಏರು ಬಂದಲ್ಲಿ ಮಕ್ಕಳು ಇಳಿದು ನೂಕಿದರು. ವಾಪಸ್ ಬಂದು ಗಂಡನಿಗೆ ಏರಿಗೆ ಇನ್ನೊಂದು ಗಿಯರ್ ಬೇಕು ಅಂದರು, ಅವನು ಹಾಕಿದ.

ಪಿನ್ನು, ಪಟ್ಟಿಯ ಮಾತನ್ನೇ ಎಲ್ಲರೂ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಆ ಗಿಯರ್. ರಸ್ತೆಗಿಳಿದು ತೊಂದರೆ ಪಟ್ಟು ಬಂದವರು ಹೇಳುವ ದೋಷವೇ ನಿಜವಾದ ದೋಷ. ನೀವು ಕ್ಲಾಸ್ ಬಿಡಬೇಡಿ. ಲೈಸೆನ್ಸ್ ಬಂದ ಮೇಲೆ ಪತ್ರ ಹಾಕಿ.

ಹಿಟ್ಲರ್ ಕೂರುತ್ತಿದ್ದದ್ದು ಮರ್ಸಿಡಿಸ್. ಆ ಕಂಪನಿಯನ್ನು ಹೊಗಳುವುದು ಸರಿಯೇ?
– ನಿವೃತ್ತ ಶಿಕ್ಷಕರು, ಚೆಂಬೂರು

ಕೇಳಬೇಕಾದ ಪ್ರಶ್ನೆಯೇ ಸರ್. ಮರ್ಸಿಡಿಸ್ 770 ಅನ್ನುವ ಭಾರೀ ಕಾರಿನಲ್ಲಿ ಅವನು ಮೆರೆದದ್ದು ಹೌದು. ಆದರೆ ಯಾರು ಕೂತರು ಅನ್ನುವುದಕ್ಕಿಂತ ಯಾರ ಕೈಯಿಂದ ಮಾಡಿಸಿದರು ಅನ್ನುವುದು ದೊಡ್ಡ ಕಳಂಕ. ಯುದ್ಧಕಾಲದಲ್ಲಿ ಡೈಮ್ಲರ್-ಬೆಂಜ್ ವಿಮಾನದ ಎಂಜಿನ್, ಲಾರಿ ಮಾಡುತ್ತಿತ್ತು. ಯುದ್ಧ ಕೈದಿಗಳು, ಆಕ್ರಮಿತ ದೇಶಗಳಿಂದ ಎಳೆತಂದವರು, ಕಾನ್ಸೆಂಟ್ರೇಷನ್ ಕ್ಯಾಂಪಿನವರು ಅಲ್ಲಿ ಬಲವಂತದ ದುಡಿಮೆ ಮಾಡಿದ್ದಾರೆ. 1944ರ ಹೊತ್ತಿಗೆ ಕೆಲಸದವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಅಂಥವರೇ. ಕಂಪನಿ ಇದನ್ನು ಒಪ್ಪಿಕೊಂಡಿದೆ, ಪರಿಹಾರವನ್ನೂ ಕೊಟ್ಟಿದೆ. ಒಪ್ಪಿಕೊಳ್ಳಲು ದಶಕಗಳೇ ಹಿಡಿದವು. ಹೊಗಳುವಾಗ ಇದನ್ನು ಬಿಟ್ಟು ಹೊಗಳಬಾರದು ಅನ್ನುವುದು ನನ್ನ ಮತ.

ನಾನು ಬಾಗಲಕೋಟೆ ಕಡೆಯವನು, ಗೋವಾದಲ್ಲಿ ಟ್ಯಾಕ್ಸಿ ಓಡಿಸ್ತೀನಿ. ಜರ್ಮನಿಯಲ್ಲಿ ಟ್ಯಾಕ್ಸಿಯೇ ಬೆಂಜ್ ಅಂತ ಪ್ಯಾಸೆಂಜರ್ ಹೇಳ್ತಾರೆ. ಸುಮ್ನೆ ಹೇಳ್ತಾರಾ?
– ಮಡಗಾಂವ್

ಸುಮ್ನೆ ಅಲ್ಲ. ಅಲ್ಲಿ ಕೆನೆ ಬಣ್ಣದ ಬೆಂಜ್ ಟ್ಯಾಕ್ಸಿ ಮಾಮೂಲು. ಕಾರಣ ಡೀಸೆಲ್. 1936ರಲ್ಲಿ 260 ಡಿ ಅಂತ ಡೀಸೆಲ್ ಕಾರು ಮಾರುಕಟ್ಟೆಗೆ ಬಿಟ್ಟರು. ಸ್ಪೀಡ್ ಇಲ್ಲ, ಸದ್ದು ಜಾಸ್ತಿ, ಆದರೆ ಖರ್ಚು ಕಡಿಮೆ. ಟ್ಯಾಕ್ಸಿಯವರಿಗೆ ಬೇಕಾದದ್ದು ಅದೇ ಅಲ್ವಾ? ಗ್ರೀಸ್ ದೇಶದ ಗ್ರೆಗೋರಿಯೋಸ್ ಸಾಚಿನಿಡಿಸ್ ಅನ್ನುವ ಟ್ಯಾಕ್ಸಿ ಚಾಲಕ 1976ರ ಮಾಡೆಲ್ 240 ಡಿ ಕಾರನ್ನು 46 ಲಕ್ಷ ಕಿಲೋಮೀಟರ್ ಓಡಿಸಿ, 2004ರಲ್ಲಿ ಕಂಪನಿಯ ಮ್ಯೂಸಿಯಂಗೆ ಕೊಟ್ಟ. ಎಂಜಿನ್ ಹಲವು ಸಲ ಬದಲಾಗಿತ್ತು ಅನ್ನಿ. ಆದರೂ ಬಾಡಿ, ಚಾಸಿ ತಡೆದವಲ್ಲ!

ಮಗ ಹಳೇ ಬೆಂಜ್ ಇ-ಕ್ಲಾಸ್ ಕಾರು ಕೊಳ್ಳಬೇಕು ಅಂತ ಹಟ ಹಿಡಿದಿದ್ದಾನೆ. ಪುಣೆಯಲ್ಲೇ ಮಾಡಿದ್ದು ಅನ್ನುತ್ತಾನೆ. ಮುಂಬಯಿಯಲ್ಲಿ ಒಂದು ಅಗ್ಗಕ್ಕೆ ಇದೆಯಂತೆ. ಏನು ಹೇಳ್ತೀರಿ?
– ಓದುಗರು, ಕೋಥ್ರೂಡ್, ಪುಣೆ

ಪುಣೆಯದು ಅನ್ನುವುದು ನಿಜ. 1994ರಲ್ಲಿ ಬೆಂಜ್‌ನವರು ಟೆಲ್ಕೊ ಜೊತೆ ಸೇರಿ ಭಾರತದ ಕಂಪನಿ ಶುರು ಮಾಡಿದರು. 1995ರಿಂದ ಪಿಂಪ್ರಿಯ ಟೆಲ್ಕೊ ಆವರಣದಲ್ಲಿ ಡಬ್ಲ್ಯೂ 124 ಅನ್ನುವ ಇ-ಕ್ಲಾಸ್ ಜೋಡಿಸಿದರು. ತಮಾಷೆ ಅಂದರೆ ಯುರೋಪಿನಲ್ಲಿ ಅದೇ ವರ್ಷ ದುಂಡು ದೀಪದ ಹೊಸ ಇ-ಕ್ಲಾಸ್ ಬಂದಿತ್ತು. ಅಲ್ಲಿ ಹಳತಾದದ್ದು ಇಲ್ಲಿ ಹೊಸದು. ದುಡ್ಡಿನವರಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಗೊಣಗಿದರು. 2009ರಲ್ಲಿ ಕಾರ್ಖಾನೆ ಪುಣೆ ಹತ್ತಿರದ ಚಾಕಣ್‌ಗೆ ಹೋಯಿತು.

ಗೊಣಗಿದರೂ ಡಬ್ಲ್ಯೂ 124 ಮೇಲೆ ನನಗೆ ಪಕ್ಷಪಾತ ಇದೆ. ಮುಂದಿನ ಗಾಜಿಗೆ ಒಂದೇ ವೈಪರ್. ಅದು ತಿರುಗುತ್ತ ತಿರುಗುತ್ತ ಮೂಲೆ ಬಂದಾಗ ತಾನೇ ಉದ್ದವಾಗಿ ಚಾಚಿ, ನಡುವೆ ಮತ್ತೆ ಗಿಡ್ಡವಾಗುತ್ತದೆ. ಗ್ಯಾರೇಜಿಗೆ ಆ ಕಾರು ಬಂದರೆ ಹುಡುಗರು ನೀರು ಚಿಮುಕಿಸಿ ಅದನ್ನೇ ನೋಡುತ್ತ ನಿಲ್ಲುತ್ತಿದ್ದರು. ಒಳಗಿನ ಗಿಯರಿಗೆ ಗ್ರೀಸ್ ಒಣಗಿದರೆ ಮಾತ್ರ ಕೊರಗುಟ್ಟುತ್ತದೆ.

ಅಗ್ಗ ಅಂದಿರಲ್ಲ, ಅಲ್ಲಿ ಹುಷಾರು. 2005ರ ಜುಲೈ 26ರಂದು ಮುಂಬಯಿಯಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಮುಳುಗಿದ ಕಾರುಗಳಲ್ಲಿ ಎಷ್ಟೋ ಪಾಲಿಶ್ ಹೊಡೆಸಿಕೊಂಡು ಬೇರೆ ಊರು ಸೇರಿದವು. ಆಮೇಲೂ ಮಳೆಗಾಲ ಬಂದಿವೆ. ಮೇಲಿನ ಹೊಳಪು ನೋಡಬೇಡಿ. ಟಾರ್ಚ್ ಹಿಡಿದು ಸೀಟಿನ ಕೆಳಗಿನ ಕಬ್ಬಿಣದ ಪಟ್ಟಿ ನೋಡಿ, ತುಕ್ಕು ಇದೆಯಾ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಗೆ ಬೆರಳು ಹಾಕಿ, ಒಣ ಕೆಸರು ಸಿಗುತ್ತದಾ. ಸೀಟ್ ಬೆಲ್ಟ್ ಪೂರ್ತಿ ಎಳೆದು ಕೊನೆಯ ತುದಿ ನೋಡಿ, ನೀರಿನ ಕಲೆ ಅಲ್ಲಿ ಉಳಿದಿರುತ್ತದೆ. 15 ವರ್ಷ ದಾಟಿದ ಗಾಡಿ, ಆರ್‌ಟಿಓದಲ್ಲಿ ಮರುನೋಂದಣಿ ಆಗಿದೆಯಾ, ಗ್ರೀನ್ ಟ್ಯಾಕ್ಸ್ ಕಟ್ಟಿದ್ದಾರಾ ಅನ್ನುವುದನ್ನು ಕಾಗದದಲ್ಲೇ ನೋಡಿ, ಬಾಯಿಮಾತು ಬೇಡ. ಕೊಂಡ ಬೆಲೆ ಅಗ್ಗವಾದರೂ ಬಿಡಿಭಾಗದ ಬೆಲೆ ಬೆಂಜ್‌ದೇ ಅನ್ನುವುದು ಮಗನಿಗೆ ನೆನಪಿರಲಿ. ಇನ್ನು ಮಾರುವವನು ಕಾರ್ಪೆಟ್ ಎತ್ತಿ ನೋಡಲು ಬಿಡಲಿಲ್ಲ ಅನ್ನಿ, ಕೊಟ್ಟ ಚಹಾ ಕುಡಿದು ಎದ್ದು ಬನ್ನಿ.