‘ನಾಯಕರಿಗೆ ಇಚ್ಛಾಶಕ್ತಿಯಿಲ್ಲ’ ಎಂದು ಬರೆದರೆ ಕಾರಣ ಹೇಳಿದಂತಾಗುವುದಿಲ್ಲ

ಪ್ರಿಯ ಲೇಖಕರೇ,

ನೀವು ಕಳುಹಿಸಿದ ‘ಉರಿಯುವ ಭೂಮಿ, ಮಲಗಿದ ನಾಯಕರು’ ಲೇಖನವನ್ನು ಓದಿದೆ. ಹವಾಮಾನ ಬದಲಾವಣೆಯ ವಿಚಾರದಲ್ಲಿ ಜಗತ್ತಿನ ರಾಷ್ಟ್ರಗಳು ಮೂವತ್ತು ವರ್ಷಗಳಿಂದ ಸಭೆ ಸೇರುತ್ತಿದ್ದರೂ ಗಟ್ಟಿಯಾದ ಒಪ್ಪಂದ ಏಕೆ ಕೈಗೂಡುತ್ತಿಲ್ಲ ಎಂಬ ಪ್ರಶ್ನೆಯನ್ನು ಎತ್ತಿಕೊಂಡಿದ್ದೀರಿ. ಭಾಷೆ ತಿಳಿಯಾಗಿದೆ, ಇಸವಿಗಳು ಸರಿಯಾಗಿವೆ. ಆದರೆ ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಒಂದು ಸಾಲಿನ ಪತ್ರ ಬರೆದು ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಈ ವಿಷಯದ ಮೇಲೆ ನಮಗೆ ಬರುವ ಬರಹಗಳಲ್ಲಿ ಹೆಚ್ಚಿನವು ನೀವು ಎಡವಿದಲ್ಲಿಯೇ ಎಡವುತ್ತವೆ, ಮತ್ತು ಅದು ನನ್ನನ್ನು ನಿಜವಾಗಿಯೂ ಕಾಡುತ್ತದೆ.

ಎರಡನೆಯ ಪುಟದಲ್ಲಿ ನೀವು ಬರೆಯುತ್ತೀರಿ: ‘2001ರಲ್ಲಿ ಅಧ್ಯಕ್ಷ ಬುಷ್ ಕ್ಯೋಟೋ ಒಪ್ಪಂದವನ್ನು ತಿರಸ್ಕರಿಸಿದ್ದೇ ಎಲ್ಲಕ್ಕೂ ಮೂಲ, ಇಚ್ಛಾಶಕ್ತಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ.’ ಸಿರಿವಂತ ರಾಷ್ಟ್ರಗಳಿಗೆ ಇಂಗಾಲದ ಹೊಗೆ ಕಡಿತದ ಹೊಣೆ ಹೊರಿಸಿದ ಕ್ಯೋಟೋ ಸಭೆ ನಡೆದದ್ದು 1997ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲೇ, ಅದೇ ವರ್ಷದ ಜುಲೈಯಲ್ಲಿ, ಅಭಿವೃದ್ಧಿಶೀಲ ರಾಷ್ಟ್ರಗಳಿಗೂ ಅದೇ ಅವಧಿಯಲ್ಲಿ ಕಡಿತದ ಹೊಣೆ ಹೊರಿಸದ ಯಾವ ಒಪ್ಪಂದಕ್ಕೂ ಅಮೆರಿಕ ಸಹಿ ಹಾಕಬಾರದೆಂದು ಅಲ್ಲಿನ ಸೆನೆಟ್ 95–0 ಮತಗಳಿಂದ ನಿರ್ಣಯಿಸಿತ್ತು. ಕ್ಯೋಟೋದಂಥ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನೂರು ಸದಸ್ಯರ ಆ ಸದನದಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. ಆದ್ದರಿಂದ ಕ್ಲಿಂಟನ್ ಸರ್ಕಾರ 1998ರಲ್ಲಿ ಸಹಿ ಮಾಡಿದರೂ ಕಾಗದವನ್ನು ಸೆನೆಟ್ಟಿನ ಮುಂದೆ ಇಡಲೇ ಇಲ್ಲ. ಬುಷ್ ಮಾಡಿದ್ದು ಆಗಲೇ ಮುಚ್ಚಿದ್ದ ಬಾಗಿಲಿಗೆ ಅಗುಳಿ ಹಾಕುವ ಕೆಲಸ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಎಷ್ಟು ಕಡಿತ ಮಾಡಬೇಕೆಂಬುದನ್ನು ಪ್ರತಿ ದೇಶವೂ ತಾನೇ ನಿಗದಿಪಡಿಸುವ, ಆ ಗುರಿಯನ್ನು ಮುಟ್ಟಲೇಬೇಕೆಂಬ ಕಾನೂನಿನ ಕಟ್ಟಿಲ್ಲದ ವ್ಯವಸ್ಥೆ ಏಕೆ ಬಂತೆಂಬುದಕ್ಕೂ ಇಲ್ಲಿಯೇ ಒಂದು ದೊಡ್ಡ ಕಾರಣವಿದೆ: ಸೆನೆಟ್ಟಿಗೆ ಹೋಗದೆ ಅಮೆರಿಕ ಸೇರಬಲ್ಲ ಒಪ್ಪಂದ ಹಾಗಿದ್ದರೆ ಮಾತ್ರ ಸಾಧ್ಯವಿತ್ತು. ಒಬ್ಬ ಅಧ್ಯಕ್ಷ ಸಹಿ ಮಾಡಿ ಸೇರಿಸಿದ್ದನ್ನು ಇನ್ನೊಬ್ಬ ಅಧ್ಯಕ್ಷ ಸಹಿ ಮಾಡಿಯೇ ಬಿಡಿಸಬಲ್ಲ ಎಂಬುದು 2017ರಲ್ಲಿಯೂ 2025ರ ಜನವರಿಯಲ್ಲಿಯೂ ಕಂಡಿತು. ಇಷ್ಟೆಲ್ಲ ನಡೆದಿರುವಾಗ ‘ಇಚ್ಛಾಶಕ್ತಿ’ ಎಂಬ ಒಂದೇ ಉತ್ತರವನ್ನು ಓದುಗರ ಕೈಗಿಟ್ಟರೆ ಅವರಿಗೆ ಏನು ತಿಳಿದಂತಾಯಿತು?

ಅದರ ಮುಂದಿನ ಸಾಲು: ‘ಬಹುಮತದಿಂದ ತೀರ್ಮಾನಿಸಿದರೆ ಒಂದೇ ದಿನದಲ್ಲಿ ಮುಗಿಯುವ ಕೆಲಸವಿದು.’ ವಿಶ್ವಸಂಸ್ಥೆಯ ವಾರ್ಷಿಕ ಹವಾಮಾನ ಸಮಾವೇಶದಲ್ಲಿ ಹಾಗೆ ತೀರ್ಮಾನಿಸಲು ನಿಯಮವೇ ಇಲ್ಲ. 1995ರಲ್ಲಿ ಬರ್ಲಿನ್‌ನಲ್ಲಿ ಮೊದಲ ಸಮಾವೇಶ ಸೇರಿದಾಗ ಸೌದಿ ಅರೇಬಿಯಾ ಮೊದಲಾದ ತೈಲ ರಾಷ್ಟ್ರಗಳು ಬಹುಮತದ ಮತದಾನಕ್ಕೆ ಒಪ್ಪಲಿಲ್ಲ. ಮತದಾನದ ಆ ನಿಯಮ ಇಂದಿಗೂ ಅಂಗೀಕಾರವಾಗಿಲ್ಲ. ಅದೊಂದನ್ನು ಬದಿಗಿಟ್ಟು ಉಳಿದ ಕರಡು ನಿಯಮಗಳ ಮೇಲೆಯೇ ಪ್ರತಿ ವರ್ಷದ ಸಮಾವೇಶ ನಡೆಯುತ್ತದೆ. ಸುಮಾರು ಇನ್ನೂರು ಸದಸ್ಯರಲ್ಲಿ ಯಾರೂ ಗಟ್ಟಿಯಾಗಿ ವಿರೋಧಿಸದಿದ್ದರೆ ಮಾತ್ರ ನಿರ್ಣಯ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಬೊಲಿವಿಯಾ, ವೆನೆಜುವೆಲಾ, ಸುಡಾನ್‌ನಂಥ ಬೆರಳೆಣಿಕೆಯ ದೇಶಗಳು ಎದ್ದು ನಿಂತದ್ದರಿಂದ ಅಲ್ಲಿ ಸಿದ್ಧವಾದ ಒಡಂಬಡಿಕೆಯನ್ನು ಅಂಗೀಕರಿಸದೆ ‘ಗಮನಿಸಲಾಗಿದೆ’ ಎಂದಷ್ಟೇ ದಾಖಲಿಸಬೇಕಾಯಿತು. ಮರುವರ್ಷ ಕಾನ್ಕುನ್‌ನಲ್ಲಿ ಬೊಲಿವಿಯಾ ಒಂಟಿಯಾಗಿ ವಿರೋಧಿಸಿದಾಗ, ಒಬ್ಬರಿಗೆ ಎಲ್ಲರನ್ನೂ ತಡೆಯುವ ಹಕ್ಕಿಲ್ಲವೆಂದು ಅಧ್ಯಕ್ಷೆ ಪಟ್ರೀಸಿಯಾ ಎಸ್ಪಿನೋಸಾ ಸುತ್ತಿಗೆ ಬಡಿದು ನಿರ್ಣಯವನ್ನು ಅಂಗೀಕರಿಸಿದರು. ಅಂದರೆ ಒಮ್ಮತ ಇದೆಯೋ ಇಲ್ಲವೋ ಎಂಬುದೂ ಅಧ್ಯಕ್ಷ ಪೀಠ ಅಳೆದು ಹೇಳಬೇಕಾದ ಸಂಗತಿ. ನನ್ನ ದೃಷ್ಟಿಯಲ್ಲಿ ನಿಮ್ಮ ಲೇಖನದ ಜೀವ ಇರಬೇಕಾದದ್ದು ಇಲ್ಲಿ. ನೀವು ಇದನ್ನು ಮುಟ್ಟಿಯೇ ಇಲ್ಲ.

ನಾನು ವರದಿಗಾರಿಕೆ ಕಲಿಯುತ್ತಿದ್ದ ದಿನಗಳಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಸಲಹಾ ಸಮಿತಿಯ ಸಭೆಗಳಿಗೆ ಹೋಗುತ್ತಿದ್ದೆ. ಕಾಲುವೆಯ ಮೇಲ್ಭಾಗದವರು ಭತ್ತ ಬೆಳೆದು ನೀರು ಹಿಡಿದುಕೊಂಡರೆ ರಾಯಚೂರು, ಮಾನ್ವಿ ಕಡೆಯ ಕೊನೆ ಭಾಗದ ರೈತರಿಗೆ ತಲುಪುತ್ತಿದ್ದುದು ಅಷ್ಟಕ್ಕಷ್ಟೆ. ನಮ್ಮ ಹಿರಿಯ ಉಪಸಂಪಾದಕರು ವರದಿಯನ್ನು ಎದುರಿಗಿಟ್ಟುಕೊಂಡು ಪ್ರತಿ ಬಾರಿಯೂ ಕೇಳುತ್ತಿದ್ದುದು ಇಷ್ಟೇ: ‘ಮೇಲಿನವರು ಎಷ್ಟು ದಿನ ನೀರು ಕೇಳಿದರು, ಕೆಳಗಿನವರು ಎಷ್ಟು ಕೇಳಿದರು, ಬೇಡ ಅಂದವರು ಯಾರು, ಯಾಕೆ ಅಂದರು? ಅದನ್ನು ಬರಿ. ಯಾರು ಸ್ವಾರ್ಥಿ ಅನ್ನುವುದನ್ನು ಓದುವವರು ನೋಡಿಕೊಳ್ಳುತ್ತಾರೆ.’ ಅವರ ಪ್ರಶ್ನೆಗಳಿಗೆ ಉತ್ತರ ಬೇಕೆಂಬ ಕಾರಣಕ್ಕೆ ನಾನು ಸಭೆ ಮುಗಿದ ಮೇಲೂ ಎಂಜಿನಿಯರುಗಳ ಜೊತೆ, ರೈತ ಮುಖಂಡರ ಜೊತೆ ನಿಂತು ಮಾತನಾಡುವುದನ್ನು ರೂಢಿಸಿಕೊಂಡೆ. ಸುದ್ದಿಯ ಮುಕ್ಕಾಲು ಪಾಲು ಸಿಗುತ್ತಿದ್ದುದು ಆ ಮಾತುಕತೆಯಲ್ಲಿ. ನಿಮ್ಮ ಹಸ್ತಪ್ರತಿಯ ಅಂಚಿನಲ್ಲಿ ನಾನು ಹಾಕಿರುವ ಪ್ರಶ್ನೆಗಳೆಲ್ಲ ಅವರಿಂದ ಬಂದವು.

ಇನ್ನೊಂದು ಸಾಲು ನನ್ನನ್ನು ಹೆಚ್ಚು ನೋಯಿಸಿತು: ‘ನಾವೆಲ್ಲರೂ ಸೇರಿ ಭೂಮಿಯನ್ನು ಸುಟ್ಟೆವು, ನಾವೆಲ್ಲರೂ ಸಮಾನವಾಗಿ ಹೊಣೆ ಹೊರಬೇಕು.’ ವಿನಯದಿಂದ ಬರೆದಿದ್ದೀರೆಂದು ಬಲ್ಲೆ. ಆದರೆ ಈ ಮೂವತ್ತು ವರ್ಷಗಳ ಜಗಳ ಇರುವುದೇ ಹೊಣೆ ಸಮಾನವೇ ಎಂಬುದರ ಮೇಲೆ, ಮತ್ತು ನಿಮಗೆ ಅರಿವಿಲ್ಲದೆಯೇ ನೀವು ಒಂದು ಪಕ್ಷದ ವಕಾಲತ್ತು ವಹಿಸಿದ್ದೀರಿ. ಕಲ್ಲಿದ್ದಲು, ತೈಲ, ಅನಿಲಗಳನ್ನು ಸುಟ್ಟು ಕೈಗಾರಿಕಾ ಯುಗದಿಂದ ಈವರೆಗೆ ಗಾಳಿಗೆ ಸೇರಿಸಿದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಅಮೆರಿಕದ್ದು. ಭಾರತದ ಪಾಲು ಶೇ. 3ರಿಂದ 4ರ ಆಸುಪಾಸಿನದು. ಬಡವನ ಭತ್ತದ ಗದ್ದೆಯಿಂದ ಏಳುವ ಮೀಥೇನನ್ನೂ ಶ್ರೀಮಂತನ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ನಮ್ಮ ಪರಿಸರ ಚಿಂತಕರಾದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿಯೇ ವಾದಿಸಿದ್ದರು. ಈ ಸಮಾವೇಶಗಳಿಗೆಲ್ಲ ಬುನಾದಿಯಾದ 1992ರ ರಿಯೋ ಒಪ್ಪಂದ ಹೊಣೆ ಎಲ್ಲರದೂ ಹೌದು, ಆದರೆ ಸಮಾನವಲ್ಲ ಎಂಬ ತತ್ವವನ್ನು ಬರೆದುಕೊಂಡೇ ಹುಟ್ಟಿತು. ಇಂದು ವರ್ಷವೊಂದರ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಹೊಗೆ ಬಿಡುವುದು ಚೀನಾ, ಹಾಗಾಗಿ ಹೆಚ್ಚಿನ ಹೊಣೆ ಹೊರಬೇಕಾದ ದೇಶಗಳ 1992ರ ಪಟ್ಟಿ ಹಳತಾಯಿತೆಂಬ ಎದುರುವಾದವೂ ಬಲವಾದದ್ದೇ. ಸಮಾನ ಹೊಣೆಯೇ ನ್ಯಾಯವೆಂದು ನೀವು ನಂಬಿದರೆ ಧಾರಾಳವಾಗಿ ವಾದಿಸಿ. ವಾದವೇ ಇಲ್ಲವೆಂಬಂತೆ ದಾಟಿ ಹೋಗಬೇಡಿ.

ಕೊನೆಯದಾಗಿ, ‘2024ರಲ್ಲಿ ಬಾಕುವಿನಲ್ಲಿ ಭಾರತವೂ ಸೇರಿದಂತೆ ಎಲ್ಲರೂ ತಲೆಯಾಡಿಸಿ ಬಂದರು’ ಎಂದಿದ್ದೀರಿ. ಹಾಗೆ ನಡೆಯಲಿಲ್ಲ. ಆ ಸಮಾವೇಶದಲ್ಲಿ ಅಭಿವೃದ್ಧಿಶೀಲ ರಾಷ್ಟ್ರಗಳು ಹವಾಮಾನ ನೆರವಾಗಿ ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದ್ದವು. ಸಿರಿವಂತ ರಾಷ್ಟ್ರಗಳ ಮುಂದಾಳತ್ವದಲ್ಲಿ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂಬ ಗುರಿಗೆ ಸುತ್ತಿಗೆ ಬಿತ್ತು. ಅದರ ಬೆನ್ನಿಗೇ ಭಾರತದ ಪ್ರತಿನಿಧಿ ಚಾಂದನಿ ರೈನಾ, ಅಂಗೀಕಾರಕ್ಕೆ ಮೊದಲೇ ಮಾತನಾಡಲು ಕೇಳಿದ್ದರೂ ಅವಕಾಶ ಕೊಡಲಿಲ್ಲವೆಂದು ಆಕ್ಷೇಪಿಸಿ ನಿರ್ಣಯವನ್ನು ವಿರೋಧಿಸಿದರು. ನಿರ್ಣಯ ಹಾಗೆಯೇ ನಿಂತಿತು.

ಎರಡರಿಂದ ನಾಲ್ಕನೆಯ ಪುಟದವರೆಗೆ ಮತ್ತೆ ಬರೆದು ಕಳುಹಿಸಿ. ಕರಗುವ ಹಿಮದ ಮೊದಲ ಪುಟವನ್ನು ಪೂರ್ತಿ ಬಿಟ್ಟುಬಿಡಿ. ಒಮ್ಮತದ ನಿಯಮವಿರುವ ಸಭೆಯಲ್ಲಿ ಭಾರತದಂಥ ದೊಡ್ಡ ದೇಶದ ವಿರೋಧವನ್ನೂ ಮೀರಿ ನಿರ್ಣಯವೊಂದು ಹೇಗೆ ನಿಲ್ಲುತ್ತದೆ ಎಂಬುದನ್ನು ಬಿಡಿಸಿ ಹೇಳಲು ನಿಮಗೆ ಇನ್ನೂ ಎರಡು ಪುಟ ಬೇಕಾದರೆ, ಆ ಜಾಗವನ್ನು ನಾನು ಕೊಡುತ್ತೇನೆ.

ಇಂತಿ,
ಸಂಪಾದಕ